ಪೊಲ್ಲಿ ಬಾಯಿ ಮೀನು ಬಿಟ್ಟದ್ದು

ಅಪೊಲಿನ್ ಮೊರಾಸ್ ಅವರ ಮನೆ ಎಲ್ಲಿ ಎಂದು ಮಡಂತ್ಯಾರಿನಲ್ಲಿ ಕೇಳಿದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಪೊಲ್ಲಿ ಬಾಯಿಯ ಮನೆ ಎಂದರೆ ಸಾಕು, ಆಟೋದವರು ಗೇಟಿನವರೆಗೆ ತಂದು ಬಿಡುತ್ತಾರೆ. ಅವಳು ಪಲ್ಕೆ ವಾಳೆಯ ಗುರಿಕಾರ. ವಾಳೆ ಎಂದರೆ ಇಗರ್ಜಿಯ ಲೆಕ್ಕದಲ್ಲಿ ಒಂದು ಕೇರಿ, ಹತ್ತಿರ ಹತ್ತಿರವಿರುವ ಕ್ರೈಸ್ತ ಮನೆಗಳ ಒಂದು ಗುಂಪು. ಅದರ ಮುಂದಾಳು ಗುರಿಕಾರ. ಆ ಹುದ್ದೆಗೆ ಸಂಬಳವಿಲ್ಲ, ಭತ್ಯೆಯಿಲ್ಲ, ಆದರೂ ಅದು ಎದುರುಮನೆಯ ಐರಿನ್ ಬಾಯಿಯ ಕೈತಪ್ಪಿ ಪೊಲ್ಲಿ ಬಾಯಿಗೆ ಬಂದ ದಿನದಿಂದ ಎರಡು ಮನೆಗಳ ನಡುವಿನ ರಸ್ತೆ ಸ್ವಲ್ಪ ಅಗಲವಾದದ್ದು ಮಾತ್ರ ನಿಜ.

ಪೊಲ್ಲಿ ಬಾಯಿ ಒಳ್ಳೆಯವಳು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಮುಂದೆ ಕೆಲವು ಕಡೆ ಅನುಮಾನ ಬರಬಹುದು. ಕಾಯಿಲೆ ಬಿದ್ದವರ ಮನೆಗೆ ಗಂಜಿ ಒಯ್ಯುವವಳು, ಸಾವಿನ ಮನೆಯಲ್ಲಿ ಕೊನೆಯವರೆಗೂ ಉಳಿಯುವವಳು. ಅವಳಿಗಿದ್ದದ್ದು ಒಂದೇ ಚಟ, ಉಪವಾಸ. ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ತಪಸ್ಸು ಕಾಲ ಬಂತೆಂದರೆ ಬೇರೆಯವರ ಮುಖ ಬಾಡುತ್ತದೆ, ಇವಳ ಮುಖಕ್ಕೆ ಕಳೆ ಏರುತ್ತದೆ. ಮದುವೆಯಾಗಿ ಬಂದ ವರ್ಷದಿಂದ ಇವತ್ತಿನವರೆಗೆ ಒಂದು ತಪಸ್ಸು ಕಾಲವನ್ನೂ ಅವಳು ಮುರಿದದ್ದಿಲ್ಲ. ಜ್ವರ ಬಂದಾಗ ಕೂಡ ಕೋಳಿ ಸೂಪು ಮುಟ್ಟಲಿಲ್ಲ ಎಂಬ ಕಥೆ ವಾಳೆಯ ಮಕ್ಕಳಿಗೆಲ್ಲ ಬಾಯಿಪಾಠ. ಹೇಳಿದವರು ಯಾರು ಎಂದು ಬೇರೆ ಹೇಳಬೇಕಾಗಿಲ್ಲ.

ಈ ವರ್ಷ ಬೂದಿ ಬುಧವಾರದ ಹಿಂದಿನ ಆದಿತ್ಯವಾರ ವಾಳೆಯ ಸಭೆ ಅವಳ ಮನೆಯ ಜಗಲಿಯಲ್ಲಿ ಸೇರಿತು. ಪ್ರಾರ್ಥನೆ ಮುಗಿದು ಚಹಾ ಬರುವ ಮೊದಲೇ ಪೊಲ್ಲಿ ಬಾಯಿ ಎದ್ದು ನಿಂತಳು.

"ಮಾಂಸ ಬಿಡುವುದು ಎಂಥ ದೊಡ್ಡ ಸಂಗತಿ? ಎಲ್ಲ ವಾಳೆಯವರೂ ಬಿಡ್ತಾರೆ. ಬಿಟ್ಟು ಎಂತ ಮಾಡ್ತಾರೆ? ಬಂಗುಡೆ ಪುಳಿಮುಂಚಿ ಮಾಡಿ ಎರಡು ಮುಷ್ಟಿ ಹೆಚ್ಚು ಉಣ್ತಾರೆ. ಅದು ಉಪವಾಸವಾ? ಈ ಸಲ ನಾವು ಮೀನೂ ಬಿಡುವ. ಒಂದು ಮನೆ ಎರಡು ಮನೆ ಅಲ್ಲ, ಇಡೀ ವಾಳೆ. ಮೀನಿಗೆ ಹೋಗುವ ಹಣ ಇಗರ್ಜಿಯ ಡಬ್ಬಿಗೆ, ಬಡವರಿಗೆ. ಎಂತ ಹೇಳ್ತೀರಿ?"

ಎಂತ ಹೇಳುವುದು? ಮೀನು ಬಿಟ್ಟರೆ ಈ ಕಡೆಯವರ ಊಟದಲ್ಲಿ ಉಳಿಯುವುದು ತಟ್ಟೆ ಮಾತ್ರ. ಆದರೆ ದೇವರ ಹೆಸರಿನಲ್ಲಿ ಕೇಳಿದ್ದಕ್ಕೆ ಆಗುವುದಿಲ್ಲ ಎನ್ನುವ ಮೊದಲ ಬಾಯಿ ಯಾರದು? ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

"ಒಣಮೀನು?" ಎಂದು ಬಾಗಿಲ ಹತ್ತಿರದಿಂದ ಒಂದು ಸಣ್ಣ ದನಿ ಕೇಳಿತು. ಅದು ಅವಳ ಗಂಡ ಲಿಗೋರನದು. ಬೆಳ್ತಂಗಡಿಗೂ ಬಂಟ್ವಾಳಕ್ಕೂ ನಡುವೆ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಹಾರ್ನಿಗೆ ಹೆದರದವನು ಹೆಂಡತಿಯ ಹುಬ್ಬಿಗೆ ಹೆದರುತ್ತಿದ್ದ.

"ಒಣಮೀನೂ ಇಲ್ಲ," ಎಂದಳು ಪೊಲ್ಲಿ ಬಾಯಿ.

ಐರಿನ್ ಬಾಯಿ ಸೀರೆಯ ಸೆರಗು ಸರಿಮಾಡಿಕೊಂಡು, "ನಮ್ಮದೇನೂ ಅಡ್ಡಿಯಿಲ್ಲ. ಹೇಳಿದವರು ಕೊನೆಯವರೆಗೆ ನಡೆಸಿದರೆ ಆಯ್ತು," ಎಂದಳು. ಆ ಮಾತು ಪೊಲ್ಲಿ ಬಾಯಿಯ ಎದೆಯಲ್ಲಿ ಸೌದೆಯಂತೆ ಬಿದ್ದು ಬೆಂಕಿ ಇನ್ನೂ ಚೆನ್ನಾಗಿ ಹತ್ತಿಕೊಂಡಿತು.

ಬುಧವಾರ ಬೆಳಿಗ್ಗೆ ಹಣೆಯ ಮೇಲೆ ಬೂದಿಯ ಶಿಲುಬೆ ಹಾಕಿಸಿಕೊಂಡು ಎಲ್ಲರೂ ಇಗರ್ಜಿಯಿಂದ ಮರಳುವ ಹೊತ್ತಿಗೆ ಪೋಂಯ್ ಪೋಂಯ್ ಎಂದು ಮೊಯಿದಿನಬ್ಬನ ಸ್ಕೂಟರ್ ಬಂತು. ಮೊಯಿದಿನಬ್ಬ ನಸುಕಿನಲ್ಲೇ ಮಂಗಳೂರಿನ ದಕ್ಕೆಗೆ ಹೋಗಿ ಮೀನು ತಂದು ಪುಂಜಾಲಕಟ್ಟೆಯಿಂದ ಈ ಕಡೆಯ ಮನೆಗಳಿಗೆ ಮಾರುವವನು. ಬಿಳಿ ಗಡ್ಡ, ತಲೆಗೆ ಟೊಪ್ಪಿ, ಹಿಂದೆ ಮಂಜುಗಡ್ಡೆಯ ಪೆಟ್ಟಿಗೆ. ಅವನು ಗೇಟಿನ ಎದುರು ನಿಂತು ಮುಚ್ಚಳ ತೆಗೆದ. ಒಳಗೆ ಬೂತಾಯಿ ಬೆಳ್ಳಗೆ ಹೊಳೆಯುತ್ತಿತ್ತು.

"ಇವತ್ತಿಂದ ಈಸ್ಟರ್‌ವರೆಗೆ ಮೀನಿಲ್ಲ ಮೊಯಿದಿನಬ್ಬ," ಎಂದಳು ಪೊಲ್ಲಿ ಬಾಯಿ. "ವಾಳೆಯ ಎಲ್ಲ ಮನೆಯಲ್ಲೂ ಇಲ್ಲ. ದೇವರಿಗೆ ಬಿಟ್ಟದ್ದು."

ಮೊಯಿದಿನಬ್ಬ ಸ್ವಲ್ಪ ಹೊತ್ತು ಮುಚ್ಚಳ ಹಿಡಿದುಕೊಂಡೇ ನಿಂತ. ಬೇರೆ ವರ್ಷ ತಪಸ್ಸು ಕಾಲ ಅಂದರೆ ಅವನಿಗೆ ಸುಗ್ಗಿ. ಮಾಂಸ ಬಿಟ್ಟವರೆಲ್ಲ ಮೀನಿಗೆ ಮುಗಿಬೀಳುತ್ತಿದ್ದರು. ಈ ಲೆಕ್ಕ ಅವನ ತಲೆಯಲ್ಲಿ ಓಡಿರಬೇಕು. ಆದರೆ ಅವನು ಹೇಳಿದ್ದು ಬೇರೆಯೇ.

"ಒಳ್ಳೇದಾಯ್ತು ಬಾಯಮ್ಮ. ಚಂದ್ರ ಕಂಡರೆ ನಾಳೆಯಿಂದ ನಮಗೂ ಉಪವಾಸ. ಈ ಸಲ ನಿಮ್ಮದೂ ನಮ್ಮದೂ ಒಟ್ಟಿಗೇ ಬಂತು ನೋಡಿ," ಎಂದು ನಕ್ಕು ಪೆಟ್ಟಿಗೆ ಮುಚ್ಚಿದ. ಪಕ್ಕದ ಗೇಟಿನಲ್ಲೂ ಅದೇ ಉತ್ತರ ಸಿಕ್ಕಿತು. ಅದರ ಪಕ್ಕದಲ್ಲೂ ಅದೇ. ಲಿಗೋರ ಜಗಲಿಯಲ್ಲಿ ನಿಂತು ಸ್ಕೂಟರ್ ತಿರುವಿನಲ್ಲಿ ಮರೆಯಾಗುವ ತನಕ ನೋಡಿದ. ಮಗಳನ್ನು ಗಂಡನ ಮನೆಗೆ ಕಳಿಸಿಕೊಟ್ಟ ದಿನವೂ ಅವನು ಅಷ್ಟು ಹೊತ್ತು ನಿಂತಿರಲಿಲ್ಲ.

ಮೊದಲ ವಾರ ವಾಳೆಯಲ್ಲಿ ಒಂದು ಬಗೆಯ ಉತ್ಸಾಹ ಇತ್ತು. ಅಲಸಂಡೆ, ಬಸಳೆ, ಸೌತೆಕಾಯಿ ಎಂದು ಹೆಂಗಸರು ಅಡುಗೆ ವಿನಿಮಯ ಮಾಡಿಕೊಂಡರು. ಸಂಜೆ ಪೊಲ್ಲಿ ಬಾಯಿ ಜಪಸರ ಹಿಡಿದು ವಾಳೆಯ ರಸ್ತೆಯಲ್ಲಿ ನಡೆಯುತ್ತಿದ್ದಳು. ಬೆರಳು ಮಣಿಯ ಮೇಲೆ, ಮೂಗು ಗಾಳಿಯ ಮೇಲೆ. ಒಂದು ಮನೆಯಿಂದ ಕರಿದ ವಾಸನೆ ಬಂದು ಅವಳು ಒಳಗೆ ಹೋಗಿ ನೋಡಿದರೆ, ಪಾಪ, ಅವರು ಹಪ್ಪಳ ಕಾಯಿಸುತ್ತಿದ್ದರು.

ಎರಡನೆಯ ಆದಿತ್ಯವಾರ ವಿಗಾರ್ ಫಾದರ್ ಪೂಜೆಯ ಕೊನೆಯಲ್ಲಿ ಪಲ್ಕೆ ವಾಳೆಯ ಹೆಸರೆತ್ತಿ ಹೊಗಳಿದರು. ಮೂಡುಬಿದಿರೆ ಕಡೆಯ ಸಣ್ಣ ಪ್ರಾಯದ ಫಾದರ್, ಸುಮ್ಮಸುಮ್ಮನೆ ಹೊಗಳುವ ಪೈಕಿಯಲ್ಲ. ಪೊಲ್ಲಿ ಬಾಯಿ ತಲೆ ತಗ್ಗಿಸಿಕೊಂಡು ಕೂತಿದ್ದಳು, ಹಾಗೆ ತಗ್ಗಿಸಿದ್ದನ್ನು ನಾಲ್ಕು ಜನ ನೋಡಲಿ ಎಂಬಷ್ಟೇ ತಗ್ಗಿಸಿದ್ದಳು. ಹೊರಗೆ ಬಂದಾಗ ಬೇರೆ ವಾಳೆಯ ಗುರಿಕಾರರು ಕೈ ಕುಲುಕಿದರು. ಆ ದಿನ ಮಧ್ಯಾಹ್ನ ಬರೀ ಗಂಜಿ ಮತ್ತು ಉಪ್ಪಿನಕಾಯಿ ಅವಳಿಗೆ ಮದುವೆ ಊಟದಂತೆ ರುಚಿಸಿತು.

ಪೋಂಯ್ ಪೋಂಯ್ ಸದ್ದು ನಿಂತದ್ದು ಯಾವಾಗ ಎಂದು ಅವಳಿಗೆ ಗೊತ್ತೇ ಆಗಲಿಲ್ಲ. ಅದನ್ನು ಹೇಳಿದ್ದು ಹಿತ್ತಲಾಚೆಯ ಮನೆಯ ಪೂವಮ್ಮ. ಪೂವಮ್ಮ ಬೀಡಿ ಕಟ್ಟುವವಳು. ಕಟ್ಟಿದ ಬೀಡಿಯನ್ನು ಮಡಂತ್ಯಾರಿಗೆ ಒಯ್ದು ಕೊಟ್ಟು ಬರುವ ದಾರಿಯಲ್ಲಿ ಊರಿನ ಸುದ್ದಿಯೂ ಅವಳ ಚೀಲಕ್ಕೆ ಬೀಳುತ್ತಿತ್ತು.

"ನೀವು ದೇವರಿಗೆ ಮೀನು ಬಿಟ್ಟಿರಿ ಬಾಯಮ್ಮ, ನಾವು ಯಾರಿಗೆ ಬಿಟ್ಟದ್ದು?" ಎಂದು ಅವಳು ಬೇಲಿಯ ಹತ್ತಿರ ನಿಂತು ಕೇಳಿದಳು. "ನಮ್ಮದು ಒಂದು ಮನೆಗಾಗಿ ಮೊಯಿದಿನಬ್ಬ ಪೆಟ್ರೋಲ್ ಸುಟ್ಟು ಇಲ್ಲಿವರೆಗೆ ಬರ್ತಾರಾ? ಒಂದು ವಾರ ಬಂದು ನೋಡಿದರು. ಉಳಿದ ಮೀನನ್ನೆಲ್ಲ ತೆಂಗಿನ ಬುಡಕ್ಕೆ ಹಾಕಿದರಂತೆ. ಈಗ ಲೈನೇ ಬಿಟ್ಟರು."

"ಬೇರೆ ಕಡೆ ಮಾರಬಹುದಲ್ಲ?"

"ಎಲ್ಲಿ ಮಾರುವುದು? ಒಬ್ಬರ ಲೈನಿಗೆ ಇನ್ನೊಬ್ಬರು ಹೋಗುವ ಕ್ರಮ ಉಂಟಾ? ಬಂಟ್ವಾಳದಿಂದ ಇಲ್ಲಿಯವರೆಗೆ ಎಲ್ಲ ಕಡೆ ಒಬ್ಬೊಬ್ಬರು ಇದ್ದಾರೆ. ಅವರದ್ದು ಇದೇ, ನಿಮ್ಮ ಮನೆಗಳದ್ದು."

ಇಷ್ಟೆಲ್ಲ ಮನೆಗಳನ್ನು ಒಟ್ಟು ಸೇರಿಸಿ ವ್ರತ ಹಿಡಿಸಿದ ಪೊಲ್ಲಿ ಬಾಯಿಯ ತಲೆಗೆ ಇಷ್ಟು ಸಣ್ಣ ಸಂಗತಿ ಹೊಳೆದಿರಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ಅವಳು ಬೇರೆಯವರ ವಿಷಯದಲ್ಲಿ ಎಷ್ಟು ಸಲ ಹೇಳಿದ್ದಳೋ. ಈಗ ಬೆಕ್ಕು ತಾನೇ ಎಂದು ಗೊತ್ತಾದಾಗ ಗಾದೆಯ ರುಚಿ ಕೆಟ್ಟುಹೋಯಿತು.

ಮರುದಿನ ಅವಳು ಮಡಂತ್ಯಾರಿಗೆ ಹೋದಳು. ತರಕಾರಿ ನೆವ. ಪಶು ಆಹಾರದ ಅಂಗಡಿಯ ಎದುರು ಲಾರಿ ನಿಂತಿತ್ತು. ನಾಲ್ಕೈದು ಮಂದಿ ಹಿಂಡಿಯ ಗೋಣಿ ಇಳಿಸುತ್ತಿದ್ದರು. ಅವರಲ್ಲಿ ಒಬ್ಬನ ಗಡ್ಡ ಬಿಳಿ. ಬೆನ್ನ ಮೇಲೆ ಗೋಣಿ ಇದ್ದದ್ದರಿಂದ ಮುಖ ನೆಲ ನೋಡುತ್ತಿತ್ತು. ಮಾರ್ಚ್ ತಿಂಗಳ ಬಿಸಿಲು, ಹೊಟ್ಟೆಯಲ್ಲಿ ನಸುಕಿನ ತುತ್ತು ಬಿಟ್ಟರೆ ಒಂದು ತೊಟ್ಟು ನೀರಿಲ್ಲ. ಗೋಣಿ ಇಳಿಸಿ ಅವನು ಗೋಡೆಗೆ ಕೈಕೊಟ್ಟು ಕಣ್ಣುಮುಚ್ಚಿ ನಿಂತ. ತುಟಿ ಒಡೆದಿತ್ತು.

"ಮೊಯಿದಿನಬ್ಬ," ಎಂದು ಅವಳು ಕರೆದಳು.

ಅವನು ನಾಚಿಕೊಂಡವನಂತೆ ಹೆಗಲಿನ ಬಟ್ಟೆಯಿಂದ ಮುಖ ಒರೆಸಿಕೊಂಡ. "ಬಾಯಮ್ಮ, ಹೇಗಿದ್ದೀರಿ? ಉಪವಾಸ ನಡೀತಾ ಉಂಟಾ?"

"ಈ ಪ್ರಾಯದಲ್ಲಿ ಇದೆಂಥ ಕೆಲಸ ಮಾರಾಯರೇ? ಅದೂ ಹೊಟ್ಟೆ ಖಾಲಿ ಇಟ್ಟುಕೊಂಡು?"

"ಹಸಿವು ನಮಗೆ ಹೊಸತಾ? ಹಬ್ಬ ಹತ್ತಿರ ಬಂತು, ಮನೆಯಲ್ಲಿ ಮಕ್ಕಳುಂಟು. ಸ್ಕೂಟರ್ ಬಿ.ಸಿ. ರೋಡಿನ ಝಿಯಾದಿಗೆ ಮಾರುವುದು ಅಂತ ಮಾತಾಗಿದೆ, ಸೋಮವಾರ ಬಂದು ತಗೊಂಡು ಹೋಗ್ತಾನೆ. ಪೆಟ್ಟಿಗೆ ಸಮೇತ. ಅಲ್ಲಿಗೆ ಮೀನಿನ ಋಣ ಮುಗೀತು."

"ಒಂದು ಮಾತು ಹೇಳಬಹುದಿತ್ತಲ್ಲ ನಮ್ಮ ಹತ್ತಿರ!"

ಮೊಯಿದಿನಬ್ಬ ಆಶ್ಚರ್ಯದಿಂದ ಅವಳನ್ನು ನೋಡಿದ. "ದೇವರಿಗೆ ಬಿಟ್ಟದ್ದು ಅಂತ ನೀವು ಹೇಳಿದಿರಿ. ದೇವರಿಗೆ ಬಿಟ್ಟದ್ದನ್ನು ನನಗೆ ಕೊಡಿ ಅಂತ ನಾನು ಹೇಗೆ ಕೇಳುವುದು ಬಾಯಮ್ಮ?"

ಅವಳು ಪರ್ಸಿಗೆ ಕೈ ಹಾಕಿದಳು. ಅವನು ಒಂದು ಹೆಜ್ಜೆ ಹಿಂದೆ ಸರಿದ. "ಅದು ಬೇಡ. ನಾನು ಮೀನು ಮಾರುವವ," ಎಂದು ಹೇಳಿ ಮತ್ತೆ ಲಾರಿಯ ಹತ್ತಿರ ಹೋಗಿ ಬೆನ್ನು ಬಗ್ಗಿಸಿದ. ಪೊಲ್ಲಿ ಬಾಯಿ ತರಕಾರಿ ಮರೆತು ಮನೆಗೆ ಬಂದಳು.

ಈಗ ಅವಳ ಕಷ್ಟ ಏನೆಂದು ಸರಿಯಾಗಿ ಹೇಳಬೇಕು. ಸೋಮವಾರದೊಳಗೆ ವಾಳೆಯವರು ಮೀನು ಕೊಳ್ಳಲು ಶುರುಮಾಡಿದರೆ ಮೊಯಿದಿನಬ್ಬನ ಸ್ಕೂಟರ್ ಉಳಿಯುತ್ತದೆ. ಕೊಳ್ಳಬೇಕಾದರೆ ವ್ರತ ಬಿಡಿಸಬೇಕು. ಬಿಡಿಸಬೇಕಾದವಳು ಹಿಡಿಸಿದವಳೇ. ಹೇಳಿದವರು ಕೊನೆಯವರೆಗೆ ನಡೆಸಿದರೆ ಆಯ್ತು ಎಂದು ಐರಿನ್ ಬಾಯಿ ಸೆರಗು ಸರಿಮಾಡಿಕೊಂಡದ್ದು ಕಣ್ಣಿಗೆ ಕಟ್ಟಿದ ಹಾಗಿತ್ತು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಇದಕ್ಕೊಂದು ಉಪಾಯ ಹೊಳೆದು ಅವಳು ವಿಗಾರ್ ಫಾದರ್ ಹತ್ತಿರ ಹೋದಳು. ನಡೆದದ್ದನ್ನೆಲ್ಲ ಹೇಳಿ, "ಒಂದು ಮಾತು ನೀವು ಪೀಠದಿಂದ ಹೇಳಿಬಿಡಿ ಫಾದರ್. ಹೀಗೆ ಹೀಗೆ ಒಬ್ಬ ಬಡವನಿಗೆ ತೊಂದರೆಯಾಗಿದೆ, ಪಲ್ಕೆ ವಾಳೆಯವರು ಮೀನು ತಗೊಳ್ಳಬಹುದು ಅಂತ," ಎಂದು ಕೇಳಿಕೊಂಡಳು.

ಫಾದರ್ ಕೈಯಲ್ಲಿದ್ದ ಪುಸ್ತಕ ಮುಚ್ಚಿಟ್ಟರು. "ನಾನು ಹೇಳಿದರೆ ನಿಮಗೆ ಸುಲಭ ಆಗ್ತದೆ ಬಾಯಿ. ಮೊಯಿದಿನಬ್ಬನಿಗೆ? ಇಡೀ ಊರು ಕನಿಕರದಿಂದ ಮೀನು ತಗೊಳ್ತಾ ಉಂಟು ಅಂತ ಗೊತ್ತಾದರೆ ಆ ಮನುಷ್ಯ ಗೇಟಿನ ಹತ್ತಿರ ತಲೆ ಎತ್ತಿ ನಿಲ್ತಾರಾ? ನೀವು ಹಣ ಕೊಟ್ಟದ್ದನ್ನೇ ಮುಟ್ಟಲಿಲ್ಲ."

ಅದು ಹೌದೆಂದು ಅವಳಿಗೂ ಅನಿಸಿತು.

"ಇನ್ನೊಂದು ಕೇಳ್ತೇನೆ, ಬೇಸರ ಮಾಡಬೇಡಿ. ಮೀನು ಬಿಟ್ಟದ್ದು ನಿಮಗೆ ಕಷ್ಟ ಆಯ್ತಾ?"

ಪೊಲ್ಲಿ ಬಾಯಿ ಬಾಯಿ ತೆರೆದಳು. ಹೌದು ಎನ್ನಲು ಹೊರಟವಳು ಹಾಗೇ ನಿಂತಳು. ಪಾದ್ರಿಯ ಎದುರು ಸುಳ್ಳು ಹೇಳುವ ಅಭ್ಯಾಸ ಇರಲಿಲ್ಲ. "ಇಲ್ಲ ಫಾದರ್," ಎಂದಳು. "ಖುಷಿ ಆಯ್ತು."

"ಹಾಗಾದರೆ ನೀವು ಇನ್ನೂ ಏನೂ ಬಿಟ್ಟಿಲ್ಲ," ಎಂದರು ಫಾದರ್, ಬೈಯುವ ದನಿಯಲ್ಲಿ ಅಲ್ಲ. "ಉಪವಾಸ ಅಂದರೆ ನಮ್ಮೊಳಗೆ ಸ್ವಲ್ಪ ಜಾಗ ಖಾಲಿ ಮಾಡುವುದು. ದೇವರಿಗೆ, ಪಕ್ಕದವರಿಗೆ. ಹೊಟ್ಟೆ ಖಾಲಿ ಮಾಡಿ ಅಲ್ಲಿ ನಮ್ಮನ್ನೇ ತುಂಬಿಸಿಕೊಂಡರೆ ಇನ್ನೊಬ್ಬರು ಬಂದು ಕೂರುವುದೆಲ್ಲಿ ಬಾಯಿ?"

ಅವಳಿಗೆ ಕೋಪ ಬಂತು. ಫಾದರಿಗೆ ಪ್ರಾಯ ಸಾಲದು, ಹಳಬರ ಉಪವಾಸ ಇವರೇನು ಬಲ್ಲರು ಎಂದು ದಾರಿಯುದ್ದಕ್ಕೂ ಗೊಣಗಿದಳು. ಕೋಪ ಬಂದದ್ದು ಮಾತು ಸುಳ್ಳಾದ್ದರಿಂದ ಅಲ್ಲ ಎಂಬುದು ಮಾತ್ರ ಮನೆ ಮುಟ್ಟುವ ಹೊತ್ತಿಗೆ ಅವಳಿಗೇ ತಿಳಿದಿತ್ತು.

ಮರುದಿನ ಶುಕ್ರವಾರ. ತಪಸ್ಸು ಕಾಲದ ಶುಕ್ರವಾರಗಳಲ್ಲಿ ವಾಳೆಯವರು ಒಂದೊಂದು ಮನೆಯಲ್ಲಿ ಸೇರಿ ಶಿಲುಬೆಯ ಹಾದಿಯ ಪ್ರಾರ್ಥನೆ ಮಾಡುತ್ತಾರೆ. ಆ ಸಂಜೆ ಐರಿನ್ ಬಾಯಿಯ ಮನೆಯಲ್ಲಿತ್ತು. ಓದುವವಳು ಗುರಿಕಾರಳಾದ ಪೊಲ್ಲಿ ಬಾಯಿ. ಮೂರನೆಯ ಸ್ಥಳ ಬಂತು, ಯೇಸು ಶಿಲುಬೆಯ ಭಾರಕ್ಕೆ ಮೊದಲ ಸಲ ನೆಲಕ್ಕೆ ಬೀಳುವುದು. ಆ ಸಾಲನ್ನು ಅವಳು ಜೀವಮಾನದಲ್ಲಿ ಎಷ್ಟು ಸಲ ಓದಿದ್ದಳೋ, ಎಂದೂ ನಿಂತಿರಲಿಲ್ಲ. ಈ ಸಲ ನಿಂತಳು. ಬಿದ್ದದ್ದು ಜನರ ನಡುವೆ. ದಾರಿಯ ಎರಡೂ ಕಡೆ ನೋಡುವವರು, ನಗುವವರು ತುಂಬಿದ್ದರು. ಯಾಕೆ ಬಿದ್ದೆ ಎಂದು ಅವನು ಯಾರಿಗೂ ವಿವರಿಸಲಿಲ್ಲ. ಬಿದ್ದ, ಎದ್ದ, ಹೊತ್ತುಕೊಂಡು ಹೋದ. ಅವಳಿಗೆ ಗೋಡೆಗೆ ಕೈಕೊಟ್ಟು ಕಣ್ಣುಮುಚ್ಚಿ ನಿಂತ ಬಿಳಿ ಗಡ್ಡದ ಮುಖ ನೆನಪಾಯಿತು. "ಕನ್ನಡಕ ಬೇಕಿತ್ತಾ?" ಎಂದು ಐರಿನ್ ಬಾಯಿ ಕೇಳಿದಳು. ಬೇಡವೆಂದು ತಲೆಯಾಡಿಸಿ ಮುಂದೆ ಓದಿದಳು.

ಮನೆಗೆ ಬಂದವಳೇ ಬೇಲಿಯ ಹತ್ತಿರ ಹೋಗಿ ಪೂವಮ್ಮನನ್ನು ಕರೆದಳು. "ಮೊಯಿದಿನಬ್ಬನ ಮನೆಗೆ ಫೋನ್ ಮಾಡಿ ಹೇಳು. ನಾಳೆ ಮೀನು ತರಲಿಕ್ಕೆ. ಪೊಲ್ಲಿ ಬಾಯಿಗೆ ಬೂತಾಯಿ ಬೇಕಂತೆ, ತಡೆಯಲಿಕ್ಕೆ ಆಗುದಿಲ್ಲವಂತೆ ಅಂತ ಹೇಳು. ನಾಲ್ಕು ಮನೆಗೆ ಆಗುವಷ್ಟು ತರಲಿ."

ಪೂವಮ್ಮ ಕಣ್ಣು ಅಗಲಿಸಿದಳು. "ವ್ರತ?"

"ಹೇಳಿದಷ್ಟು ಹೇಳು ಮಾರಾಯ್ತಿ."

ಇಷ್ಟಾದರೂ ಅವಳು ಪೂರ್ತಿ ಸೋತಿರಲಿಲ್ಲ. ಒಂದು ನೆಪವನ್ನು ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡಿದ್ದಳು. ಯಾರಾದರೂ ಕೇಳಿದರೆ ಪೂವಮ್ಮನ ಬಾಣಂತಿ ಸೊಸೆಗೆ ಎಂದರಾಯಿತು. ಇಲ್ಲವಾದರೆ ಲಿಗೋರ ಇದ್ದೇ ಇದ್ದ. ಡಾಕ್ಟರು ಹೇಳಿದ್ದಾರೆ ಎಂದರೆ ಯಾರು ಕೇಳುತ್ತಾರೆ?

ಶನಿವಾರ ಬೆಳಿಗ್ಗೆ ಪೋಂಯ್ ಪೋಂಯ್ ಕೇಳಿದಾಗ ವಾಳೆಯ ಕಿಟಕಿಗಳೆಲ್ಲ ಒಟ್ಟಿಗೆ ತೆರೆದವು. ಎಲ್ಲಿದ್ದವೋ, ಮೂರು ಬೆಕ್ಕುಗಳು ಓಡಿ ಬಂದವು. ಪೊಲ್ಲಿ ಬಾಯಿ ಪಾತ್ರೆ ಹಿಡಿದು ಗೇಟು ತೆರೆದಳು. ಮೊಯಿದಿನಬ್ಬ ಅಳುಕುತ್ತಲೇ ಮುಚ್ಚಳ ತೆಗೆದ. ಅವಳು ಬೂತಾಯಿಯ ಕಿವಿರು ಬಿಡಿಸಿ ನೋಡಿದಳು, ಇದು ನಿನ್ನೆಯದ್ದಾ ಎಂದು ಜಗಳ ತೆಗೆದಳು, ಕ್ರಯ ಕೇಳಿ ಹಣೆ ಚಚ್ಚಿಕೊಂಡಳು. ಚೌಕಾಸಿ ಮಾಡದೆ ಕೊಂಡರೆ ಅದು ದಾನವಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮೊಯಿದಿನಬ್ಬನೂ ಹಳೆಯ ಹುರುಪಿನಲ್ಲಿ, "ಕಣ್ಣು ನೋಡಿ ಬಾಯಮ್ಮ, ಇನ್ನೂ ನಿಮ್ಮನ್ನೇ ನೋಡ್ತಾ ಉಂಟು!" ಎಂದು ವಾದಕ್ಕೆ ನಿಂತ.

ಅಷ್ಟರಲ್ಲಿ ಎದುರಿನ ಗೇಟು ಕಿರ್ ಎಂದಿತು. ಐರಿನ್ ಬಾಯಿ ರಸ್ತೆಗೆ ಬಂದು ನಿಂತಳು. ಅವಳ ಹಿಂದೆ ಪಕ್ಕದ ಮನೆಯವರು, ಅವರ ಹಿಂದೆ ಇನ್ನಿಬ್ಬರು.

"ಪೊಲ್ಲಿ ಬಾಯಿ, ಇದು ಯಾರಿಗೆ?"

ಸೆರಗಿನ ಗಂಟು ಬಿಚ್ಚುವ ಹೊತ್ತು ಬಂತು. ಬಾಣಂತಿ ನಾಲಿಗೆಯ ತುದಿಗೆ ಬಂದಳು, ಡಾಕ್ಟರೂ ಬಂದರು. ಇವೆರಡಕ್ಕಿಂತ ಮುಂದೆ ಬಂದದ್ದು ನಿಜವಾದ ಕಾರಣ. ಅದನ್ನು ಹೇಳಿದರೆ ಒಂದೇ ಕ್ಷಣದಲ್ಲಿ ಐರಿನ್ ಬಾಯಿಯ ಬಾಯಿ ಕಟ್ಟುತ್ತದೆ. ಬಡವನಿಗಾಗಿ ವ್ರತವನ್ನೇ ಮುರಿದವಳು ಎಂದು ನಾಳೆ ಇಗರ್ಜಿಯಲ್ಲಿ ಮತ್ತೆ ಹೆಸರು ಬರುತ್ತದೆ, ಮೊದಲಿಗಿಂತ ದೊಡ್ಡ ಹೆಸರು. ಆದರೆ ಪಕ್ಕದಲ್ಲೇ ಮೊಯಿದಿನಬ್ಬ ತಕ್ಕಡಿ ಹಿಡಿದು ನಿಂತಿದ್ದ. ಎಷ್ಟೋ ದಿನದ ಮೇಲೆ ನೆಟ್ಟಗೆ ನಿಂತಿದ್ದ.

"ನನಗೇ," ಎಂದಳು ಪೊಲ್ಲಿ ಬಾಯಿ. "ನನ್ನಿಂದ ಆಗಲಿಲ್ಲ ಐರಿನ್ ಬಾಯಿ. ಮೀನು ಬೇಕು."

ಐರಿನ್ ಬಾಯಿಯ ಮುಖದಲ್ಲಿ ಮೊದಲು ನಂಬಲಾಗದ ಬೆರಗು, ಆಮೇಲೆ ಮೆಲ್ಲಗೆ ಒಂದು ನಗು ಮೂಡಿತು. "ನನಗೆ ಅವತ್ತೇ ಗೊತ್ತಿತ್ತು," ಎಂದಳು. ಹಿಂದೆ ಯಾರೋ ಕಿಸಕ್ಕೆಂದರು. ಪೊಲ್ಲಿ ಬಾಯಿಯ ಕಿವಿ ಕೆಂಪಾಯಿತು. ಮದುವೆಯಾಗಿ ಬಂದ ವರ್ಷದಿಂದ ಕಟ್ಟಿಕೊಂಡು ಬಂದ ಹೆಸರು ಬೂತಾಯಿಯ ಜೊತೆ ತಕ್ಕಡಿಗೆ ಬಿದ್ದಿತ್ತು. ಅವಳು ಪಾತ್ರೆ ಒಡ್ಡಿ ಮೀನು ಹಾಕಿಸಿಕೊಂಡಳು.

ಆಮೇಲೆ ಆದದ್ದು ಊರಿನಲ್ಲಿ ಆಗುವಂಥದ್ದೇ. ಐರಿನ್ ಬಾಯಿ ಒಳಗೆ ಹೋದಳು, ಹೊರಗೆ ಬರುವಾಗ ಅವಳ ಕೈಯಲ್ಲಿ ಒಂದು ಪಾತ್ರೆ ಇತ್ತು. "ಗುರಿಕಾರರೇ ತಗೊಂಡ ಮೇಲೆ ನಮಗೆಂತ?" ಎಂದಳು. ಆ ಮಾತಿಗೇ ಕಾದಿದ್ದವರಂತೆ ಪಕ್ಕದವರೂ ಓಡಿದರು. ನಾಲ್ಕು ಮನೆಗೆಂದು ತಂದ ಮೀನು ತಿರುವು ದಾಟುವ ಮೊದಲೇ ಮುಗಿಯಿತು. ವ್ರತ ತಾವಾಗಿ ಮುರಿದದ್ದಲ್ಲ, ಗುರಿಕಾರ ಮುರಿದದ್ದರಿಂದ ಮುರಿದದ್ದು ಎಂಬ ಸಮಾಧಾನ ಎಲ್ಲರಿಗೂ ಇತ್ತು. ಮಧ್ಯಾಹ್ನ ಪಲ್ಕೆಯ ಗಾಳಿಯಲ್ಲಿ ಹುರಿದ ಮೀನಿನ ಘಮ ಹಬ್ಬಿತು. ಸೋಮವಾರ ಬಂದ ಝಿಯಾದ್ ಬರಿಗೈಯಲ್ಲಿ ಬಿ.ಸಿ. ರೋಡಿಗೆ ಮರಳಿದ.

ಆ ಶನಿವಾರ ಊಟಕ್ಕೆ ಕೂತಾಗ ಲಿಗೋರ ತಟ್ಟೆಯನ್ನೂ ಹೆಂಡತಿಯನ್ನೂ ನೋಡುತ್ತ ಕೂತ. ಅವನಿಗೆ ಎಲ್ಲ ಗೊತ್ತಿತ್ತು. "ನೀನು ತಿನ್ನಬೇಕೂಂತ ಇಲ್ಲ. ಯಾರು ನೋಡ್ತಾರೆ ಇಲ್ಲಿ?" ಎಂದ.

"ಬೇಕು ಅಂತ ರಸ್ತೆಯಲ್ಲಿ ನಿಂತು ಹೇಳಿದ್ದೇನೆ. ತಿನ್ನದಿದ್ದರೆ ಸುಳ್ಳಾಗ್ತದೆ. ಗುಟ್ಟಾಗಿ ವ್ರತ ಹಿಡಿದು ಒಳಗಿಂದ ಮತ್ತೆ ನಾನೇ ಗೆದ್ದ ಹಾಗಾಗ್ತದೆ," ಎಂದು ಅವಳು ಒಂದು ಬೂತಾಯಿ ಹಾಕಿಕೊಂಡಳು. ಬಾಯಿಗಿಟ್ಟರೆ ಮಣ್ಣಿನಂತಿತ್ತು. ಇಷ್ಟು ವರ್ಷ ಮಾಡಿದ ಯಾವ ಉಪವಾಸವೂ ಆ ಒಂದು ಮೀನಿನಷ್ಟು ಕಷ್ಟವಾಗಿರಲಿಲ್ಲ.

ಆದಿತ್ಯವಾರ ಇಗರ್ಜಿಯಲ್ಲಿ ಫಾದರ್ ಬೇರೆ ವಾಳೆಯೊಂದರ ಹೆಸರೆತ್ತಿ ಹೊಗಳಿದರು. ಪಲ್ಕೆಯ ಸುದ್ದಿ ಎತ್ತಲಿಲ್ಲ. ಹಿಂದಿನ ಬೆಂಚಿನಲ್ಲಿ, "ನಾಲ್ಕು ವಾರ ತಡೆಯಲಿಲ್ಲ, ಅಷ್ಟು ಬಡಾಯಿ 'ಒಣಮೀನೂ ಇಲ್ಲ' ಅಂತ," ಎಂಬ ಪಿಸುಮಾತು ಕೇಳಿಸಿತು. ಪೊಲ್ಲಿ ಬಾಯಿಗೆ ಅಳು ಬಂತು. ಒಂದು ಒಳ್ಳೆಯ ಮಾತಿಗಾಗಿ ಅವಳ ಜೀವ ಹಸಿದುಬಿಟ್ಟಿತ್ತು. ಮೀನು ಬಿಟ್ಟಾಗ ಆಗದ ಹಸಿವು ಇದು. ತಲೆ ತಗ್ಗಿಸಿದಳು. ಯಾರೂ ನೋಡದಿರಲಿ ಎಂದು ತಗ್ಗಿಸಿದ್ದು ಅದೇ ಮೊದಲು. ಆ ಹಸಿವನ್ನು ಹಾಗೇ ಇಟ್ಟುಕೊಂಡು ಕೂತಿದ್ದಾಗ, ಒಳಗೆಲ್ಲೋ ತುಂಬ ವರ್ಷದಿಂದ ಸಾಮಾನು ತುಂಬಿದ್ದ ಕೋಣೆಯೊಂದನ್ನು ಗುಡಿಸಿದ ಹಾಗೆ ಅನಿಸಿತು. ಯೇಸುವೇ ಎಂದಳು. ಮುಂದೆ ಏನು ಬೇಡಬೇಕೆಂದು ಅವಳಿಗೆ ತೋಚಲಿಲ್ಲ, ಸುಮ್ಮನೆ ಇದ್ದಳು.

ಬುಧವಾರ ಮೊಯಿದಿನಬ್ಬ ಬಂದಾಗ ಗೇಟಿನಲ್ಲಿ ಬೇರೆ ಯಾರೂ ಇರಲಿಲ್ಲ. ಮೀನು ಹಾಕಿಕೊಟ್ಟು ಅವನು ಹೊರಡಲಿಲ್ಲ. ಹೇಳಲೋ ಬೇಡವೋ ಎಂಬಂತೆ ಸ್ಕೂಟರಿನ ಹ್ಯಾಂಡಲ್ ಒರೆಸುತ್ತ ನಿಂತ.

"ಬಾಯಮ್ಮ, ಒಂದು ಮಾತು. ನಿಮ್ಮ ವ್ರತ ಮುರಿದುಹೋಯ್ತು ಅಂತ ಎಲ್ಲರೂ ಮಾತಾಡ್ತಾರೆ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಾವು ಮನುಷ್ಯರಲ್ಲವಾ, ಆಸೆ ಯಾರಿಗಿಲ್ಲ? ಬಿಟ್ಟುಹೋದ ಉಪವಾಸವನ್ನು ಆಮೇಲೆ ಹಿಡಿದು ತೀರಿಸಬಹುದು, ನಮ್ಮಲ್ಲಿ ಹಾಗೆ ಉಂಟು. ನಿಮ್ಮಲ್ಲೂ ಇರಬಹುದು." ಅವನು ದನಿ ತಗ್ಗಿಸಿದ. "ಹಬ್ಬದವರೆಗೆ ದಿನಾ ಉಪವಾಸ ಬಿಡುವ ಹೊತ್ತಿಗೆ ನಿಮ್ಮ ಹೆಸರು ಹೇಳಿ ದುವಾ ಮಾಡ್ತೇನೆ. ಬಾಯಮ್ಮನಿಗೆ ಗಟ್ಟಿ ಮನಸ್ಸು ಕೊಡು ಅಂತ. ಮಾಡಬಹುದಲ್ಲವಾ?"

ಪೊಲ್ಲಿ ಬಾಯಿ ಅವನ ಒಡೆದ ತುಟಿಯನ್ನು ನೋಡಿದಳು. ಈ ಊರಿನಲ್ಲಿ ಯಾರಿಗೆ ಏನಾದರೂ ಪ್ರಾರ್ಥನೆ ಮಾಡುವವಳು ಅವಳು. ತನಗಾಗಿ ಮಾಡಿ ಎಂದು ಇದುವರೆಗೆ ಯಾರನ್ನೂ ಕೇಳಿದವಳಲ್ಲ.

"ಮಾಡಿ ಮೊಯಿದಿನಬ್ಬ," ಎಂದಳು. "ನನಗೆ ಬೇಕು."

ಸ್ಕೂಟರ್ ಹೋಯಿತು. ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡ ಲಿಗೋರ ಸಿಟ್ಟಿನಿಂದ ಎದ್ದು ಬಂದ. "ಅವನಿಗಾದರೂ ಹೇಳಬಾರದಿತ್ತಾ ನೀನು? ಯಾರಿಗೋಸ್ಕರ ಮಾಡಿದ್ದು ಅಂತ?"

"ಸುಮ್ಮನಿರಿ," ಎಂದಳು ಅವಳು. "ಹೊಟ್ಟೆ ಹಸಿದುಕೊಂಡು ನನಗೋಸ್ಕರ ಬೇಡ್ತಾರಂತೆ. ಅಂಥದ್ದನ್ನು ಬೇಡ ಅನ್ನಲಿಕ್ಕೆ ನಾನ್ಯಾರು?" ಅವಳ ಕಣ್ಣು ತುಂಬಿ ಬಂದಿತ್ತು. ಸೆರಗಿನಿಂದ ಒರೆಸಿಕೊಂಡು, ಮೀನಿನ ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಹೋದಳು.